ಬಾಲದಲ್ಲಿ ಮುಳ್ಳಿರುವ ಈ ಹಲ್ಲಿ ಯಾವುದು?

ಆಸ್ಟ್ರೇಲಿಯಾದಲ್ಲಿರುವ ಕನ್ನಡದ ಸ್ನೇಹಿತರು ರಾತ್ರಿ ಟಾರ್ಚ್ ಬೆಳಕಲ್ಲಿ ತೆಗೆದ ಫೋಟೋ ಕಳಿಸಿ ಕೇಳುತ್ತಾರೆ: "ಬಾಲದ ಮೇಲೆಲ್ಲ ಮುಳ್ಳು. ಇದು ಯಾವ ಹಲ್ಲಿ?" ನಾನು ತಿರುಗಿ ಕೇಳುವುದು ಒಂದೇ: ಎಲ್ಲಿ ಸಿಕ್ಕಿತು?

ಇವು ಸ್ಟ್ರೋಫುರಸ್ ಎಂಬ ಕುಲದ ಹಲ್ಲಿಗಳು. ಆಸ್ಟ್ರೇಲಿಯಾ ಬಿಟ್ಟು ಬೇರೆಲ್ಲೂ ಇಲ್ಲ. ಊರು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಪರ್ತ್ ಕಡೆಯದಾದರೆ ಮೊದಲ ಅನುಮಾನ ಈ ಕುಲದ ಸ್ಪಿನಿಜೆರಸ್ ಎಂಬ ಪ್ರಭೇದದ ಮೇಲೆ. ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ, ಒಳನಾಡಿನ ಒಣ ಕಾಡಿನದಾದರೆ ವಿಲಿಯಮ್ಸಿ ಇರಬಹುದು.

ಆಮೇಲೆ ಮೈ ನೋಡಬೇಕು. ಕಣ್ಣಿನ ಮೇಲೆ ಉದ್ದನೆಯ ಮುಳ್ಳು ರೆಪ್ಪೆಗೂದಲಿನ ಹಾಗೆ ಎದ್ದು ನಿಂತಿದ್ದರೆ ಸಿಲಿಯಾರಿಸ್ ನೆನಪಾಗುತ್ತೆ. (ಈ ಹಲ್ಲಿಗಳಿಗೆ ಮುಚ್ಚಿ ತೆರೆಯುವ ರೆಪ್ಪೆಯೇ ಇಲ್ಲ. ಕಣ್ಣಿಗೆ ಧೂಳು ಬಿದ್ದರೆ ನಾಲಿಗೆಯಲ್ಲೇ ಒರೆಸಿಕೊಳ್ಳುತ್ತವೆ!) ಬಾಲದ ಮೇಲೆ ಮುಳ್ಳಿನ ಸಾಲು ಎಷ್ಟು, ಅದು ಬೆನ್ನಿಗೂ ಮುಂದುವರಿದಿದೆಯಾ ಅಂತ ನೋಡುತ್ತೇನೆ. ಹೆದರಿ ಬಾಯಿ ತೆರೆದ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವಕ್ಕೆ ಒಳಬಾಯಿ ಹಳದಿ, ಕೆಲವಕ್ಕೆ ಕಡುನೀಲಿ. ಮೈಬಣ್ಣವನ್ನು ಮಾತ್ರ ನಾನು ನಂಬುವುದಿಲ್ಲ. ಒಂದೇ ಹಲ್ಲಿ ಒಮ್ಮೆ ತಿಳಿ, ಒಮ್ಮೆ ಗಾಢವಾಗಿ ಕಾಣುತ್ತೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತೆ: ಮುಳ್ಳಿದ್ದವೆಲ್ಲ ಒಂದು ಗುಂಪು, ಅಲ್ವಾ? ಅಲ್ಲ. ಕ್ವೀನ್ಸ್‌ಲ್ಯಾಂಡ್‌ನ ಟೀನಿಕಾಡಾ ನೋಡಿ. ಬಾಲದ ಮೇಲೆ ಹೊಂಬಣ್ಣದ ಪಟ್ಟೆ ಇದೆ, ಮುಳ್ಳು ಒಂದೂ ಇಲ್ಲ. ಸ್ಪಿನಿಫೆಕ್ಸ್ ಹುಲ್ಲಿನ ಪೊದೆಯಲ್ಲಿ ಬದುಕುವ, ಮೈಮೇಲೆ ಬಿಳಿ ಚುಕ್ಕಿಗಳಿರುವ ಎಲ್ಡೆರಿಗೂ ಇಲ್ಲ. ಆದರೂ ಎರಡೂ ಸ್ಟ್ರೋಫುರಸ್ಸೇ. ಇವನ್ನೆಲ್ಲ ಸೇರಿಸುವುದು ಬಾಲದೊಳಗಿನ ಗ್ರಂಥಿಗಳು. ಬಾಲದಿಂದ ಅಂಟಂಟಾದ ದ್ರವ ಬರುತ್ತೆ. ಹಲವು ಪ್ರಭೇದಗಳು ಅದನ್ನು ಶತ್ರುವಿನ ಕಡೆ ಚಿಮ್ಮಿಸುತ್ತವೆ. ಮುಳ್ಳು ಪ್ರಭೇದ ಗುರುತಿಸಲು ಬೇಕು, ಕುಲ ಗುರುತಿಸಲು ಸಾಲದು. ಮೊದಲು ಇವನ್ನು ಡಿಪ್ಲೊಡ್ಯಾಕ್ಟೈಲಸ್ ಕುಲದಲ್ಲೇ ಇಟ್ಟಿದ್ದರು. ಈಗ ಕುಲ ಬೇರೆ, ಡಿಪ್ಲೊಡ್ಯಾಕ್ಟೈಲಿಡೇ ಎಂಬ ಕುಟುಂಬ ಮಾತ್ರ ಒಂದೇ.

ನಮ್ಮ ಮನೆ ಗೋಡೆಯ ಹಲ್ಲಿ ಇವುಗಳಿಗೆ ತೀರಾ ದೂರದ ನೆಂಟ. ಅದು ಗೆಕ್ಕೊನಿಡೇ ಕುಟುಂಬದ್ದು, ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತೆ. ಇವುಗಳ ಮೊಟ್ಟೆಯ ಚಿಪ್ಪು ಮೆತ್ತಗೆ, ತೊಗಲಿನಂಥದ್ದು. ಇವುಗಳ ಕುಟುಂಬದ ಬಳಗ ಆಸ್ಟ್ರೇಲಿಯಾ ಅಲ್ಲದೆ ನ್ಯೂಜಿಲೆಂಡ್ ಮತ್ತು ನ್ಯೂ ಕ್ಯಾಲೆಡೋನಿಯಾದಲ್ಲೂ ಇದೆ. ಬ್ರಿಸ್ಬೇನ್ ಮನೆಗಳಲ್ಲಿ ಲೊಚಗುಟ್ಟುವ ಹಲ್ಲಿ ಮಾತ್ರ ಏಷ್ಯಾದಿಂದ ಹೋದದ್ದು, ನಮ್ಮ ಮನೆ ಹಲ್ಲಿಯ ಕಡೆಯದೇ.

ಸ್ಟ್ರೋಫುರಸ್ ಪ್ರಭೇದಗಳ ಪಟ್ಟಿ ಇನ್ನೂ ಮುಗಿದಿಲ್ಲ. ಕ್ರಿಸಾಲಿಸ್ ಎಂಬ ಮುಳ್ಳುಬಾಲದ ಹಲ್ಲಿಗೆ ಹೆಸರು ಸಿಕ್ಕಿದ್ದೇ 2005ರಲ್ಲಿ, ಅದೂ ಕ್ವೀನ್ಸ್‌ಲ್ಯಾಂಡ್‌ನ ಒಳನಾಡಿನಿಂದ. ಹಾಗಾಗಿ ಆ ಕಡೆಯ ಹಳೆಯ ಫೋಟೋದ ಕೆಳಗೆ ಬರೆದ ಹೆಸರನ್ನು ಸುಮ್ನೆ ಒಪ್ಪಬೇಡಿ. ನನಗೆ ಕಳಿಸುವಾಗ ಬಾಲವನ್ನು ಮೇಲಿನಿಂದ, ಮುಖವನ್ನು ಪಕ್ಕದಿಂದ ತೆಗೆದು ಕಳಿಸಿ, ಊರಿನ ಹೆಸರು ಬರೆಯಿರಿ. ಹಿಡಿಯಲು ಮಾತ್ರ ಹೋಗಬೇಡಿ. ಆ ದ್ರವ ಕಣ್ಣಿಗೆ ಬಿದ್ದರೆ ಉರಿಯುತ್ತೆ.