ಅಜ್ಜಿಯ ಒಟಿಪಿ

ಲೋಕಸಭೆ ಚುನಾವಣೆಗೆ ಮತ ಹಾಕಲೆಂದು 2024ರ ಮೇ 7ರ ಬೆಳಗ್ಗೆ ತೀರ್ಥಹಳ್ಳಿಯಲ್ಲಿ ರಾತ್ರಿ ಬಸ್ಸಿನಿಂದ ಇಳಿದಾಗ ಬೆನ್ನು ಸೆಟೆದುಕೊಂಡಿತ್ತು, ಸಿಟ್ಟೂ ಬಂದಿತ್ತು. ಹಣ ಕಳಿಸುವುದು, ಪಹಣಿ ತೆಗೆಯುವುದು ಎಲ್ಲವೂ ಮೊಬೈಲಿನಲ್ಲೇ ಆಗುವಾಗ ಒಂದು ಗುಂಡಿ ಒತ್ತಲು ಬೆಂಗಳೂರಿನಿಂದ 300 ಕಿಲೋಮೀಟರಿಗೂ ಹೆಚ್ಚು ಬರಬೇಕೇ? ಬಸ್ಸಿನಲ್ಲಿ ಪಕ್ಕದವನದೂ ಇದೇ ಗೊಣಗಾಟ. ಆನ್‌ಲೈನ್ ಮತದಾನ ಬೇಕೇ ಎಂದು ಆಗ ಯಾರಾದರೂ ಕೇಳಿದ್ದರೆ ಇಬ್ಬರೂ ಎರಡೆರಡು ಕೈ ಎತ್ತುತ್ತಿದ್ದೆವು.

ಮನೆಯಲ್ಲಿ 83ರ ಅಜ್ಜಿ ಹೊಸ ಸೀರೆ ಉಟ್ಟು ಜಗುಲಿಯಲ್ಲಿ ಕುಳಿತಿದ್ದಳು. ಹಿಂದಿನ ವರ್ಷದ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಲ್ಲೇ ಮತದಾನವಿತ್ತು. ಸಿಬ್ಬಂದಿ ಬಂದು ರಟ್ಟಿನ ಮರೆ ನಿಲ್ಲಿಸಿ, ಚಿಕ್ಕಪ್ಪನನ್ನು ಅಂಗಳಕ್ಕೆ ಕಳಿಸಿ ಅವಳಿಂದ ಮತ ಹಾಕಿಸಿಕೊಂಡು ಹೋಗಿದ್ದರು. ಈ ಸಲ ಮಿತಿ 85ಕ್ಕೆ ಏರಿತ್ತು.

"ಮುಂದೆ ಮೊಬೈಲಿನಲ್ಲೇ ಹಾಕಬಹುದು ಅಜ್ಜಿ" ಎಂದೆ. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ 2005ರಿಂದಲೇ ಅಂತರ್ಜಾಲದಲ್ಲಿ ಮತ ಹಾಕುತ್ತಾರೆ, 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಂದದ್ದು ಹಾಗೆಯೇ ಎಂದು ಉತ್ಸಾಹದಿಂದ ವಿವರಿಸಿದೆ.

"ಒಂದು ನಂಬರು ಬರುತ್ತದಲ್ಲ, ಅದು ಯಾರ ಮೊಬೈಲಿಗೆ ಬರುತ್ತದೆ?"

ಅವಳ ಆಧಾರ್, ಬ್ಯಾಂಕು, ವೃದ್ಧಾಪ್ಯ ವೇತನ ಎಲ್ಲಕ್ಕೂ ಕೊಟ್ಟಿರುವುದು ಚಿಕ್ಕಪ್ಪನ ನಂಬರು. ಚಿಕ್ಕಪ್ಪನೋ, ಪಕ್ಷದ ಶಾಲು ಒಗೆಯಲು ಹಾಕುವುದನ್ನೂ ಮರೆಯುವಷ್ಟು ನಿಷ್ಠ. ಅಡಕತ್ತರಿ ಹಿಡಿದಿದ್ದವನು ಕೈ ನಿಲ್ಲಿಸಿ ನನ್ನತ್ತ ನೋಡಿದ.

ನಾನು ಸೋಲಲಿಲ್ಲ. "ಯಾರಾದರೂ ಬಲವಂತ ಮಾಡಿದರೆ ಎಸ್ಟೋನಿಯಾದಲ್ಲಿ ಮತ್ತೆ ಹಾಕಬಹುದು, ಕೊನೆಯದೇ ಲೆಕ್ಕಕ್ಕೆ. ಮತಗಟ್ಟೆಗೆ ಹೋಗಿ ಹಾಕಿದರೆ ಮನೆಯಲ್ಲಿ ಹಾಕಿದ್ದು ರದ್ದು."

"ಅಂದರೆ ಕೊನೆಗೆ ಶಾಲೆಗೇ ಹೋಗಬೇಕಾಯಿತಲ್ಲ" ಎಂದು ಅಜ್ಜಿ ಕೋಲು ಹುಡುಕಿದಳು.

ಶಾಲೆಯ ಕೋಣೆಯಲ್ಲಿ ನನ್ನ ಕೆಲಸ ಬೇಗ ಮುಗಿಯಿತು. ಯಾರಿಗೆ ಮತ ಹಾಕಿದೆನೆಂದು ತೋರಿಸುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಬಿದ್ದುಹೋಯಿತು. ಅಜ್ಜಿ ಮಾತ್ರ ರಟ್ಟಿನ ಮರೆಯಲ್ಲಿ ನಿಂತೇ ಇದ್ದಳು. ಬೀಪ್ ಬರಲಿಲ್ಲ. ಅಧಿಕಾರಿ ಕತ್ತು ಚಾಚಿ, ಮತ್ತೆ ಒಳಗೆಳೆದುಕೊಂಡರು. ಯಾರೂ ಹತ್ತಿರ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಕೊನೆಗೆ ಬೀಪ್ ಬಂತು. ಸೆರಗು ಸರಿಮಾಡಿಕೊಂಡು ಹೊರಬಂದಳು.

ಮನೆ ದಾರಿಯಲ್ಲಿ ಚಿಕ್ಕಪ್ಪ ಎರಡು ಸಲ ಕೇಳಿದ, "ಯಾರಿಗೆ ಹಾಕಿದೆ ಅಮ್ಮಾ?"

ಅಜ್ಜಿ ಬಾಯಿ ತುಂಬ ಕವಳ ಹಾಕಿಕೊಂಡಳು.