ಬೌಲಿಂಗ್ ಆಡ್ಕೊಂಡು ಬದುಕೋರು ಇದಾರಾ?

ಮಂಗಳವಾರ ರಾತ್ರಿ, ಅಂದರೆ ಊರಿನವರಿಗೆ ಬುಧವಾರ ಬೆಳಿಗ್ಗೆ, ನಾನು ಫೋನಿಗೆ ಸಿಗುವುದಿಲ್ಲ. "ಬೌಲಿಂಗ್ ಇರುತ್ತೆ ಚಿಕ್ಕಪ್ಪ" ಅಂದ ಮೊದಲ ಸಲ ಹಾಸನದ ಆ ತುದಿಯಿಂದ ಬಂದ ಪ್ರಶ್ನೆ, "ಸ್ಪಿನ್ನೋ, ಫಾಸ್ಟೋ?" ನಮ್ಮಲ್ಲಿ ಬೌಲಿಂಗ್ ಅಂದರೆ ಕುಂಬ್ಳೆ, ಇಲ್ಲವೇ ಶ್ರೀನಾಥ್. ಮೂರನೆಯದೊಂದು ಇದೆ ಅಂತ ಒಪ್ಪಿಸಲು ವಿಡಿಯೋ ಕಾಲೇ ಬೇಕಾಯಿತು. ಭಾರದ ಚೆಂಡನ್ನು ಉರುಳಿಸಿ, 60 ಅಡಿ ಆಚೆ ತ್ರಿಕೋನವಾಗಿ ನಿಂತ ಹತ್ತು ಪಿನ್ನುಗಳನ್ನು ಬೀಳಿಸುವುದನ್ನು ನೋಡಿ ಚಿಕ್ಕಪ್ಪ ಕೇಳಿದ್ದು ಎರಡನೇ ಪ್ರಶ್ನೆ: "ಒಳ್ಳೇ ಲಗೋರಿ ಇದ್ದ ಹಾಗಿದೆಯಲ್ಲೋ. ಇದನ್ನೇ ಆಡ್ಕೊಂಡು ಬದುಕೋರು ಇದಾರಾ?"

ಮೊದಲನೆಯದು ತಮಾಷೆ. ಈ ಎರಡನೆಯದನ್ನು ಮಾತ್ರ ಎಲ್ಲರೂ ನಿಜವಾಗಿ ಕೇಳುತ್ತಾರೆ. ಆಫೀಸಿನ ಟೀಮ್ ಔಟಿಂಗಿನಲ್ಲಿ ಬಾಡಿಗೆ ಶೂ ಹಾಕಿಕೊಂಡು ಎರಡು ಗೇಮ್ ಆಡಿ, ಒಂದು ಸ್ಟ್ರೈಕ್, ಅಂದರೆ ಮೊದಲ ಚೆಂಡಿಗೇ ಹತ್ತೂ ಪಿನ್ನು, ಬಿದ್ದ ಕೂಡಲೇ ಕುಣಿದಾಡಿದವರು ಕೇಳುತ್ತಾರೆ. ಬೆಂಗಳೂರಿನ ಅಕ್ಕ, ಮಗ ಮಾಲಿನಲ್ಲಿ ಚೆನ್ನಾಗಿ ಆಡಿದ ಅಂತ ಕೇಳುತ್ತಾಳೆ. ನಾನಿರುವುದು ಒಹಾಯೋದ ಆಕ್ರನ್ ಪಕ್ಕದಲ್ಲಿ. ಎಡ್ಡಿ ಇಲಿಯಾಸ್ ಅನ್ನುವ ವಕೀಲರು 1958ರಲ್ಲಿ 33 ಆಟಗಾರರನ್ನು ಸೇರಿಸಿ ವೃತ್ತಿಪರ ಬೌಲರ್‌ಗಳ ಸಂಘ, ಪಿಬಿಎ, ಕಟ್ಟಿದ್ದು ಇದೇ ಊರಲ್ಲಿ. ಹಾಗಾಗಿ ಉತ್ತರ ಹೇಳುವ ಹಕ್ಕು ನನಗೆ ಒಂದಿಷ್ಟಾದರೂ ಇದೆ ಅಂದುಕೊಂಡಿದ್ದೇನೆ.

ಬದುಕುವವರು ಇದ್ದಾರೆ. ಆದರೆ ನೀವು ಮಾಲಿನಲ್ಲಿ ಆಡುವ ಆಟವೂ ಅವರು ಆಡುವ ಆಟವೂ ಬೇರೆ ಬೇರೆ. ಇದು ನನಗೆ ತಿಳಿದದ್ದು ಮಾನ ಕಳೆದುಕೊಂಡು.

ಲೀಗಿನಲ್ಲಿ ನನ್ನ ಸರಾಸರಿ ಆಗ 190ರ ಆಸುಪಾಸು ಇತ್ತು. ಗರಿಷ್ಠ 300 ಇರುವ ಆಟದಲ್ಲಿ 190 ಅಂದರೆ ತಲೆ ತಿರುಗಲು ಸಾಕು. ಹತ್ತಿರದ ಸೆಂಟರ್ ಒಂದರಲ್ಲಿ ಪ್ರೊಗಳು, ಅಂದರೆ ವೃತ್ತಿಪರರು, ಆಡುವಂಥ ಎಣ್ಣೆ ಹಚ್ಚಿದ ಲೇನಿನ (ಚೆಂಡು ಉರುಳುವ ಹಾದಿಯ) ಮೇಲೆ ಸಣ್ಣ ಟೂರ್ನಮೆಂಟ್ ಇದೆ ಅಂದರು, ದುಡ್ಡು ಕಟ್ಟಿದೆ. ಮೊದಲ ಗೇಮು 131. ಎರಡನೆಯದು ಅದಕ್ಕಿಂತ ಕಡಿಮೆ, ಬರೆಯುವುದಿಲ್ಲ. ಪಕ್ಕದ ಲೇನಿನ ಅಜ್ಜ ಒಬ್ಬರು ಕನಿಕರದಿಂದ ನನ್ನ ಚೆಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತೋರಿಸಿದರು. ಅದರ ಮೈಮೇಲೆ ಬಳೆ ಬಳೆಯಾಗಿ ಎಣ್ಣೆಯ ಗೆರೆಗಳು. "ನೀನು ಪಿನ್ನು ನೋಡ್ತಾ ಇದ್ದೀಯ, ಇದನ್ನ ನೋಡು" ಅಂದರು.

ಲೇನಿಗೆ ಎಣ್ಣೆ ಹಚ್ಚಿರುತ್ತಾರೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಲೇನಿನ ಅಗಲಕ್ಕೆ 39 ಪಟ್ಟಿಗಳು. ಚೆಂಡು ಬಿಡುವ ಕಡೆಯ ಗೆರೆಯಿಂದ, ಅಂದರೆ ಫೌಲ್ ಲೈನಿನಿಂದ, ಸುಮಾರು 40 ಅಡಿಯವರೆಗೆ ಎಣ್ಣೆ, ಆಮೇಲಿನದು ಒಣ. ಎಣ್ಣೆಯ ಮೇಲೆ ಚೆಂಡು ಜಾರುತ್ತದೆ, ಒಣ ಜಾಗ ಸಿಕ್ಕಾಗ ಹಿಡಿತ ಬಂದು ತಿರುಗುತ್ತದೆ. ನಮ್ಮಂಥ ಗಿರಾಕಿಗಳಿಗಾಗಿ ಸೆಂಟರಿನವರು ನಡುವೆ ದಂಡಿಯಾಗಿ, ಅಂಚಿಗೆ ತೆಳ್ಳಗೆ ಹಚ್ಚುತ್ತಾರೆ. ಚೆಂಡು ಸ್ವಲ್ಪ ಹೊರಗೆ ಹೋದರೆ ಒಣಪಟ್ಟಿ ಅದನ್ನು ಒಳಕ್ಕೆ ತರುತ್ತದೆ, ಒಳಗೆ ಬಂದರೆ ಎಣ್ಣೆ ಅದನ್ನು ಜಾಸ್ತಿ ತಿರುಗಲು ಬಿಡುವುದಿಲ್ಲ. ಗಾಡಿಯ ಜಾಡಿದ್ದ ಹಾಗೆ, ಎತ್ತು ನಿದ್ದೆ ಹೋದರೂ ಮನೆ ಸೇರುತ್ತದೆ. ನನ್ನ 190ರಲ್ಲಿ ಎಷ್ಟು ಪಾಲು ನನ್ನದು, ಎಷ್ಟು ಆ ಜಾಡಿನದು ಅಂತ ಅವತ್ತು ಲೆಕ್ಕ ಸಿಕ್ಕಿತು. ಪ್ರೊಗಳ ಲೇನಿನಲ್ಲಿ ಎಣ್ಣೆ ಅಂಚಿನವರೆಗೂ ಹೆಚ್ಚು ಕಡಿಮೆ ಸಮನಾಗಿ ಹರಡಿರುತ್ತದೆ, ಜಾಡಿಲ್ಲ. ಅದೂ ಸಾಲದು ಅಂತ ಪ್ರತಿ ಚೆಂಡೂ ಒಂದಿಷ್ಟು ಎಣ್ಣೆ ಒರೆಸಿಕೊಂಡು ಹೋಗುವುದರಿಂದ, ಬೆಳಿಗ್ಗೆ ಸರಿಯಿದ್ದ ದಾರಿ ಮಧ್ಯಾಹ್ನಕ್ಕೆ ಕೆಟ್ಟಿರುತ್ತದೆ. ಎಣ್ಣೆ ಕಣ್ಣಿಗೆ ಕಾಣುವುದಿಲ್ಲ. ಚೆಂಡಿನ ನಡೆ ನೋಡಿಯೇ ಅದು ಎಲ್ಲಿ ಉಳಿದಿದೆ, ಎಲ್ಲಿ ಸವೆದಿದೆ ಅಂತ ಊಹಿಸಬೇಕು. ಹೊಟ್ಟೆಪಾಡು ನಿಂತಿರುವುದು ಈ ಊಹೆಯ ಮೇಲೆ.

ಆ ಊಹೆಯಲ್ಲಿ ಎತ್ತಿದ ಕೈ ಅಂದರೆ ಅರ್ಲ್ ಆಂಥೊನಿ. ನನಗೆ ಪ್ರೊ ಬೌಲರ್ ಅಂದಾಗ ಕಣ್ಣಿಗೆ ಬರುವುದೂ ಅವನೇ. ದಪ್ಪ ಕನ್ನಡಕ, ಸಣ್ಣಗೆ ಕತ್ತರಿಸಿದ ಕೂದಲು, ಬ್ಯಾಂಕಿನ ಕ್ಯಾಷಿಯರ್ ಥರದ ಮುಖ. 1938ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಹುಟ್ಟಿದವನು, ಎಡಚ. ಬೇಸ್‌ಬಾಲ್ ಪಿಚರ್ ಆಗುವ ಆಸೆ ಇತ್ತು, ಕಾಲಿನ ಪೆಟ್ಟು ಅದನ್ನು ಮುಗಿಸಿತು. ಚೆಂಡು ಉರುಳಿಸಲು ಶುರು ಮಾಡಿದ್ದೇ ಇಪ್ಪತ್ತೊಂದರಲ್ಲಿ, ತಾನು ಕೆಲಸ ಮಾಡುತ್ತಿದ್ದ ದಿನಸಿ ಸಗಟು ಕಂಪನಿಯ ಲೀಗಿನಲ್ಲಿ. 1963ರಲ್ಲಿ ಪಿಬಿಎ ಸೇರಿ ಊರೂರು ಸುತ್ತಿ ಆಡುವ ಟೂರ್‌ಗೆ ಹೋದ, ಒಂದು ಡಾಲರೂ ಗೆಲ್ಲದೆ ಮನೆಗೆ ಬಂದ. ಮತ್ತೆ ಕೆಲಸ, ಮತ್ತೆ ಅಭ್ಯಾಸ. ಮೊದಲ ಪ್ರಶಸ್ತಿ ಸಿಕ್ಕಿದ್ದು 1970ರಲ್ಲಿ, ಸಿಯಾಟಲ್‌ನಲ್ಲಿ. ಆಗ ವಯಸ್ಸು ಮೂವತ್ತೆರಡು.

ಅಲ್ಲಿಂದಾಚೆಗೆ ಸುಗ್ಗಿ. 1975ರಲ್ಲಿ 1,07,585 ಡಾಲರ್ ಗೆದ್ದು, ಒಂದೇ ವರ್ಷದಲ್ಲಿ ಲಕ್ಷ ದಾಟಿದ ಮೊದಲ ಬೌಲರ್ ಆದ. 1978ರಲ್ಲಿ, ನಲವತ್ತಕ್ಕೆ, ಹೃದಯಾಘಾತ. ಇನ್ನು ಮುಗಿಯಿತು ಅನ್ನುವ ಹೊತ್ತಿಗೆ ತಿರುಗಿ ಬಂದು 1981, 82, 83 ಮೂರೂ ವರ್ಷ ವರ್ಷದ ಆಟಗಾರ ಅನ್ನಿಸಿಕೊಂಡ. 74, 75, 76ರಲ್ಲೂ ಅವನೇ. 1982ರಲ್ಲಿ ಟೊಲೀಡೋದಲ್ಲಿ ಗೆದ್ದಾಗ ಒಟ್ಟು ಗಳಿಕೆ ಹತ್ತು ಲಕ್ಷ ಡಾಲರ್ ದಾಟಿತು, ಅದಕ್ಕೂ ಅವನೇ ಮೊದಲಿಗ. ಟೂರ್ ಪ್ರಶಸ್ತಿಗಳು ಒಟ್ಟು 43.

ಎಡಗೈ ಅಂತ ಅವನನ್ನು ಆಡಿಕೊಂಡವರೂ ಇದ್ದರು. ಬಹುಪಾಲು ಜನ ಬಲಗೈಯವರು, ಅವರ ಕಡೆಯ ಎಣ್ಣೆ ಬೇಗ ಸವೆಯುತ್ತದೆ, ಎಡಚನ ದಾರಿ ಯಾರೂ ತುಳಿಯದ ಕಾಲುದಾರಿಯಂತೆ ಹಾಗೇ ಉಳಿಯುತ್ತದೆ ಅನ್ನುವುದು ದೂರು. ಮಾತಿನಲ್ಲಿ ಹುರುಳಿದೆ. ಆದರೆ ಟೂರ್‌ನಲ್ಲಿ ಎಡಚರು ಇವನೊಬ್ಬನೇ ಇರಲಿಲ್ಲವಲ್ಲ. ಇವನ ಹಳೆಯ ವಿಡಿಯೋ ಹಾಕಿಕೊಂಡು ನೋಡಿ. ಅದೇ ಹೆಜ್ಜೆ, ಅದೇ ವೇಗ, ಗೇಮಿನ ಕೊನೆಯ ಸರದಿಯಾದ ಹತ್ತನೇ ಫ್ರೇಮಿನಲ್ಲೂ ಮೊದಲ ಫ್ರೇಮಿನದೇ ಮುಖ. ಸುಳ್ಳಲ್ಲ, ಹತ್ತು ನಿಮಿಷ ನೋಡಿದರೆ ಬೇಜಾರಾಗುತ್ತದೆ. ಆ ಬೇಜಾರಿಗೇ ಸಂಬಳ ಬರುತ್ತಿತ್ತು ಅಂತ ನನ್ನ ಲೆಕ್ಕ. ಒಂದೂ ಸ್ಟ್ರೈಕ್ ಇಲ್ಲದೆ, ಪ್ರತಿ ಫ್ರೇಮಿನಲ್ಲೂ ಒಂಬತ್ತು ಬೀಳಿಸಿ ಉಳಿದ ಒಂದನ್ನು ಎರಡನೇ ಚೆಂಡಿಗೆ ಕೆಡವಿದರೆ 190 ಆಗುತ್ತದೆ. ನಾವು ಸ್ಟ್ರೈಕಿಗೆ ಚಪ್ಪಾಳೆ ಹೊಡೆಯುತ್ತೇವೆ. ಪ್ರೊನ ಮನೆ ನಡೆಯುವುದು ಆ ಒಂಟಿ ಪಿನ್ನನ್ನು ಬಿಡದೇ ಇರುವುದರಿಂದ.

ಇನ್ನು ಮೈಯ ಮಾತು. ಅವನ ಕಾಲದ ಒಂದು ವಾರದ ಟೂರ್ನಮೆಂಟಿನಲ್ಲಿ ಟೀವಿ ಫೈನಲ್ಲಿನ ಐವರಲ್ಲಿ ಒಬ್ಬನಾಗಲು ಸುಮಾರು ನಲವತ್ತು ಗೇಮ್ ಆಡಬೇಕಾಗುತ್ತಿತ್ತು. ಗೇಮಿಗೆ ಹದಿನೈದು ಎಸೆತ ಅಂದುಕೊಳ್ಳಿ. ಚೆಂಡು 16 ಪೌಂಡಿನದಾದರೆ ಒಂದೇ ಕೈಯಲ್ಲಿ ನಾಲ್ಕು ಟನ್ನು ಎತ್ತಿ ಉರುಳಿಸಿದ ಹಾಗಾಯಿತು. ಪ್ರೊಗಳ ಹೆಬ್ಬೆರಳು ನೋಡಬೇಕು. ಬುಡದಲ್ಲಿ ರಾಗಿ ಬೀಸುವವರ ಅಂಗೈಯಂತೆ ಜಡ್ಡುಗಟ್ಟಿರುತ್ತದೆ. ಕಿತ್ತ ಚರ್ಮದ ಮೇಲೆ ಟೇಪ್ ಸುತ್ತಿಕೊಂಡು ಆಡುತ್ತಾರೆ. ಬೆಳಿಗ್ಗೆ ಬೆರಳು ಊದಿದ್ದರೆ ಚೆಂಡಿನ ತೂತಿನಿಂದ ಒಂದು ಪಟ್ಟಿ ಟೇಪ್ ಕೀಳಬೇಕು, ಸಂಜೆಗೆ ಇಳಿದಿದ್ದರೆ ಮತ್ತೆ ಅಂಟಿಸಬೇಕು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ‌ಗೆ ಈ ಕಾಟವೇ ಇಲ್ಲ. ಅಪ್ಪ ಅಮ್ಮನ ಬೌಲಿಂಗ್ ಸೆಂಟರಿನಲ್ಲಿ ಕೂಸಾಗಿದ್ದಾಗ ಚೆಂಡು ಎತ್ತಲಾಗದೆ ಎರಡೂ ಕೈ ಹಚ್ಚಿದವನು, ದೊಡ್ಡವನಾದರೂ ಹಾಗೇ ಮುಂದುವರಿಸಿದ. ಹೆಬ್ಬೆರಳನ್ನು ತೂತಿಗೆ ಹಾಕುವುದೇ ಇಲ್ಲ. ಮೊದಮೊದಲು ನಕ್ಕವರ ಮುಂದೆಯೇ 15 ಮೇಜರ್, ಅಂದರೆ ಅತಿ ದೊಡ್ಡ ಟೂರ್ನಮೆಂಟು, ಗೆದ್ದ. ಈಗ ನಮ್ಮ ಲೀಗಿನ ಹುಡುಗರೆಲ್ಲ ಎರಡು ಕೈಯವರೇ.

ಈಗ ಚಿಕ್ಕಪ್ಪನ ನಿಜವಾದ ಪ್ರಶ್ನೆ, ದುಡ್ಡು. ಒಂದು ಕಾಲಕ್ಕೆ ಇತ್ತು ಕಣ್ರೀ. 1964ರಲ್ಲಿ ಬೌಲರ್ ಡಾನ್ ಕಾರ್ಟರ್‌ಗೆ ಚೆಂಡು ಮಾಡುವ ಎಬೊನೈಟ್ ಕಂಪನಿ ಹತ್ತು ಲಕ್ಷ ಡಾಲರಿನ ಕರಾರು ಕೊಟ್ಟಿತು. ಯಾವ ಕ್ರೀಡೆಯಲ್ಲೇ ಆಗಲಿ, ಅಷ್ಟು ದೊಡ್ಡ ಜಾಹೀರಾತು ಕರಾರು ಅದೇ ಮೊದಲು. 1962ರಿಂದ 1997ರವರೆಗೆ ಎಬಿಸಿ ಚಾನೆಲ್ ಶನಿವಾರ ಮಧ್ಯಾಹ್ನ ಈ ಆಟ ತೋರಿಸಿತು. ಕಾರ್ಖಾನೆಗೊಂದು ಲೀಗು, ಚರ್ಚಿಗೊಂದು ಲೀಗು. ಕಾರ್ಖಾನೆ ಮುಚ್ಚಿದ ಹಾಗೆ ಲೀಗೂ ಕರಗಿತು, ಟೀವಿಯೂ ಕೈಬಿಟ್ಟಿತು. 2021ರಲ್ಲಿ ಕೈಲ್ ಟ್ರೂಪ್ ಒಂದೇ ಸೀಸನ್ನಿನಲ್ಲಿ 4,96,900 ಡಾಲರ್ ಗೆದ್ದು ದಾಖಲೆ ಮಾಡಿದಾಗ ನಮ್ಮ ಲೀಗಿನಲ್ಲಿ ಹಬ್ಬವೋ ಹಬ್ಬ. ನಾನು ಸುಮ್ಮನೆ ಬೆಲೆಯೇರಿಕೆಯ ಲೆಕ್ಕ ಹಾಕಿ ನೋಡಿದೆ. ಆಂಥೊನಿಯ 1975ರ ಗಳಿಕೆ 2021ರ ಡಾಲರಿನಲ್ಲಿ 5 ಲಕ್ಷ 40 ಸಾವಿರದ ಹತ್ತಿರ ಬರುತ್ತದೆ. ಅಂದರೆ ನಲವತ್ತಾರು ವರ್ಷದ ಮೇಲೆ ಆದ ಈ ದಾಖಲೆಯೂ ಅವನದನ್ನು ಮುಟ್ಟಿರಲಿಲ್ಲ. ಹೇಳಿದರೆ ಹಬ್ಬ ಕೆಡುತ್ತದೆ ಅಂತ ಅವತ್ತು ಹೇಳಲಿಲ್ಲ.

ತುದಿಯಲ್ಲಿರುವವರ ಕಥೆ ಇದು. ಕೆಳಗಿನವರು ಪ್ರವೇಶ ಶುಲ್ಕ, ಪೆಟ್ರೋಲು, ಮೋಟೆಲ್ ಎಲ್ಲ ಕೈಯಿಂದ ಹಾಕಿಕೊಂಡು ಹೋಗುತ್ತಾರೆ. ಪ್ರೊ ಶಾಪಿನಲ್ಲಿ ಚೆಂಡಿಗೆ ತೂತು ಕೊರೆಯುತ್ತಾರೆ, ಮಕ್ಕಳಿಗೆ ಕಲಿಸುತ್ತಾರೆ. ನ್ಯೂಜೆರ್ಸಿಯ ಕೆಲ್ಲಿ ಕ್ಯೂಲಿಕ್ ಅಂಥವರಿಗೆ ಇನ್ನೂ ಕಷ್ಟ. 2003ರಲ್ಲಿ ಹೆಂಗಸರ ಟೂರ್ ಬಾಗಿಲು ಹಾಕಿತು, ಮತ್ತೆ ತೆರೆದದ್ದು 2015ಕ್ಕೆ. ನಡುವೆ ಆಕೆ ಮನೆಯವರ ಕಾರು ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು, ಗಂಡಸರ ಟೂರ್‌ನಲ್ಲೇ ಆಡಿದಳು. 2010ರ ಜನವರಿಯಲ್ಲಿ ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ಫೈನಲ್ಲಿನಲ್ಲಿ ಕ್ರಿಸ್ ಬಾರ್ನ್ಸ್‌ನನ್ನು 265–195ರಿಂದ ಸೋಲಿಸಿದಳು. ಪಿಬಿಎ ಟೂರ್ ಪ್ರಶಸ್ತಿ ಗೆದ್ದ ಮೊದಲ ಹೆಂಗಸು, ಕೈಗೆ ಬಂದದ್ದು 40,000 ಡಾಲರ್. ಅಷ್ಟು ದೊಡ್ಡ ಗೆಲುವಿಗೆ ಅಷ್ಟೇನಾ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅಕ್ಕನ ಮಗನ ವಿಷಯಕ್ಕೆ ಬಂದರೆ, ಭಾರತದಲ್ಲಿ ಇಂಥ ಪ್ರೊ ಟೂರ್ ಇಲ್ಲ. ನಮ್ಮ ಕರ್ನಾಟಕದ ಆಕಾಶ್ ಅಶೋಕ್ ಕುಮಾರ್ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ, ಆದರೂ ಅವರ ಹೆಸರು ಕೇಳಿದವರು ಎಷ್ಟು ಜನ? 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೌಲಿಂಗನ್ನು ಪ್ರದರ್ಶನಕ್ಕೆ ಅಂತ ಇಟ್ಟಿದ್ದರು, ಪದಕದ ಆಟವಾಗಲಿಲ್ಲ. "ಆಡಲಿ ಬಿಡು, ಡಿಗ್ರಿ ಮಾತ್ರ ಮುಗಿಸಲಿ" ಅಂತ ಅಕ್ಕನಿಗೆ ಹೇಳಿದ್ದೇನೆ. ಸೋದರಮಾವ ಹೇಳುವುದು ಇನ್ನೇನು.

ಚಿಕ್ಕಪ್ಪನಿಗೆ ಇಷ್ಟನ್ನೂ ಫೋನಿನಲ್ಲಿ ಒಪ್ಪಿಸಿದೆ. ಎಲ್ಲ ಕೇಳಿ, "ಅಂದ್ರೆ ಎಣ್ಣೆ ಎಲ್ಲಿದೆ ಅಂತ ಕಾಣೋದೇ ಇಲ್ವಾ?" ಅಂದರು.

"ಇಲ್ಲ ಚಿಕ್ಕಪ್ಪ."

"ಅದಿರಲಿ, ಆ ಒಂಟಿ ಪಿನ್ನು ನಿಂಗೆ ಬೀಳುತ್ತಾ?"

ಹೋದ ಮಂಗಳವಾರ ಬಲಮೂಲೆಯ ಹತ್ತನೇ ಪಿನ್ನು ಐದು ಸಲ ನಿಂತಿತ್ತು. ಮೂರು ಬಿತ್ತು.