ಆಗುಂಬೆ ಘಾಟಿ ಹತ್ತಿದ ಕಾರಿನ ಗಂಜಲದ ವಾಸನೆ

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಪೆಟ್ರೋಲ್ ಕಾರಿನ ಕೆಲಸವೇ ಜಾಸ್ತಿ. ಹೋದ ಮಳೆಗಾಲದಲ್ಲಿ ಒಬ್ಬರ ಕಾರಿಗೆ ಬೇಕೇ ಇಲ್ಲದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ) ಹಾಕಿಬಿಟ್ಟೆ. ಆ ತಪ್ಪಿನಿಂದ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿರುವವರು ಓದಿದರೆ ಉಪಯೋಗ ಆದೀತು.

ಕಾರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರದ್ದು. ನಾವೆಲ್ಲ ಅವರನ್ನು ಗೌಡ್ರು ಅಂತಲೇ ಕರೆಯುವುದು. ಮಗಳು ಮಣಿಪಾಲದಲ್ಲಿ ಓದುತ್ತಾಳೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಹತ್ತುತ್ತಾರೆ. "ಸೋಮೇಶ್ವರದಿಂದ ಹತ್ತಿ ಬಂದು ಮೇಲೆ ನಿಲ್ಲಿಸಿದ್ರೆ ಸಾಕು ಮಾರಾಯಾ, ಗಾಡಿ ಹಿಂದೆ ಕೊಟ್ಟಿಗೆಯಲ್ಲಿ ನಿಂತ ಹಾಗೆ ಗಂಜಲದ ವಾಸನೆ" ಅಂದರು. ಊರೊಳಗೆ ಓಡಿಸುವಾಗ ಏನೂ ಇಲ್ಲವಂತೆ.

ಕೊಳೆತ ಮೊಟ್ಟೆಯ ವಾಸನೆ ಅಂದಿದ್ದರೆ ಗಂಧಕದ್ದು ಅಂತ ನನಗೆ ತಕ್ಷಣ ಗೊತ್ತಾಗುತ್ತಿತ್ತು. ಇದು ಬೇರೆ. ಮೂಗಿಗೆ ಚುಚ್ಚುವ, ಕಣ್ಣು ಉರಿಸುವ ಅಮೋನಿಯಾ. ಎಮಿಷನ್ ಟೆಸ್ಟ್ ಚೀಟಿ ನೋಡಿದೆ, ಪಾಸಾಗಿತ್ತು. ಎಚ್ಚರಿಕೆಯ ಲೈಟೂ ಉರಿದಿರಲಿಲ್ಲ. ಗಾಡಿ ಲಕ್ಷ ಕಿಲೋಮೀಟರ್ ದಾಟಿತ್ತು. ಹೊಗೆಯಲ್ಲಿ ವಾಸನೆ ಅಂದರೆ ಹೊಗೆ ಶುದ್ಧ ಮಾಡುವ ಡಬ್ಬಿಯೇ ಸತ್ತಿದೆ ಅಂತ ತೀರ್ಮಾನಿಸಿದೆ. ಎಂಜಿನ್ ಕಂಪ್ಯೂಟರಿನ ಲೆಕ್ಕ ಓದುವ ಸ್ಕ್ಯಾನರ್ ಹಾಕಲಿಲ್ಲ. ಹೊಸ ಕನ್ವರ್ಟರ್ ತರಿಸಿ ಹಾಕಿದೆ. ಅಡಿಕೆ ಮಾರಿದ ದುಡ್ಡು, ಚಿಕ್ಕ ಮೊತ್ತ ಅಲ್ಲ.

ಎರಡು ವಾರಕ್ಕೆ ಗೌಡ್ರು ಫೋನ್ ಮಾಡಿದರು. ವಾಸನೆ ಹಾಗೇ ಇದೆ, ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತೆ ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮಲ್ಲಿಗೆ ಸ್ಕೂಟರ್ ಸರ್ವೀಸಿಗೆ ಬರುವ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರೊಬ್ಬರಿದ್ದಾರೆ. ಅವರಿಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆಗೇ ನಾನು ತಬ್ಬಿಬ್ಬಾದೆ. "ಪೆಟ್ರೋಲ್ ಎಂಜಿನ್ ಒಳಗೆ ಅಮೋನಿಯಾ ಹುಟ್ಟೋದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾದ್ರೆ ಅದು ಎಲ್ಲಿ ಹುಟ್ತು ಹೇಳಪ್ಪಾ?"

ಹುಟ್ಟಿದ್ದು ಕನ್ವರ್ಟರ್ ಒಳಗೇ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಆದಾಗ, ನಾವು ರಿಚ್ ಅಂತೀವಲ್ಲ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿರುತ್ತದೆ. ಅದು ಕನ್ವರ್ಟರಿನ ಬಿಸಿಯಲ್ಲಿ ನೀರಾವಿಯ ಜೊತೆ ಸೇರಿದರೆ ಹೈಡ್ರೋಜನ್ ಹೊರಬರುತ್ತದೆ. ಅಲ್ಲೇ ಇರುವ ನೈಟ್ರಿಕ್ ಆಕ್ಸೈಡ್ ಆ ಹೈಡ್ರೋಜನ್ ಹಿಡಿದುಕೊಂಡು ಅಮೋನಿಯಾ ಆಗುತ್ತದೆ. ಕನ್ವರ್ಟರ್ ಒಳಗಿನ ಪಲ್ಲಾಡಿಯಂ, ರೋಡಿಯಂ ಲೋಹಗಳ ಲೇಪನ ಕೆಲಸ ಮಾಡುತ್ತಿದ್ದರೇ ಇದು ಆಗುವುದು. ಅಂದರೆ ನಾನು ಸತ್ತಿದೆ ಅಂದುಕೊಂಡ ಡಬ್ಬಿ ಬದುಕಿತ್ತು!

ಹಾಗಾದರೆ ಈ ಅಮೋನಿಯಾ ತೆಗೆಯಲು ಹಿಂದೆ ಇನ್ನೊಂದು ಕ್ಯಾಟಲಿಸ್ಟ್ ಇಡಬಾರದಾ ಅಂತ ಕೇಳಿದೆ. ಬಿಎಸ್6 ಹೊಗೆ ನಿಯಮದ ಡೀಸೆಲ್ ಲಾರಿಗಳಲ್ಲಿ ಅದು ಇದೆ. ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಯೂರಿಯಾ ದ್ರಾವಣ ಸಿಂಪಡಿಸಿದ ಮೇಲೆ ಉಳಿಯುವ ಅಮೋನಿಯಾವನ್ನು ಕೊನೆಯಲ್ಲಿ ಪ್ಲಾಟಿನಂ ಲೇಪನ ಸುಟ್ಟು ಸಾರಜನಕ ಮಾಡುತ್ತದೆ. ಡೀಸೆಲ್ ಹೊಗೆಯಲ್ಲಿ ಅದಕ್ಕೆ ಬೇಕಾದಷ್ಟು ಆಮ್ಲಜನಕ ಇರುತ್ತದೆ. ಪೆಟ್ರೋಲ್ ಹೊಗೆಯಲ್ಲಿ, ಅದರಲ್ಲೂ ರಿಚ್ ಆದಾಗ, ಇರುವುದೇ ಇಲ್ಲ. ಬೇರೆಯಾಗಿ ಗಾಳಿ ಊದಬೇಕು. ಗಾಳಿ, ಬಿಸಿ ಹದ ತಪ್ಪಿದರೆ ಅಮೋನಿಯಾ ಹೋಗಿ ನೈಟ್ರಸ್ ಆಕ್ಸೈಡ್ ಬರುತ್ತದೆ. ಭೂಮಿ ಬಿಸಿಯಾಗಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಕೆಟ್ಟದ್ದು.

ಬಾಳಿಕೆಯ ಮಾತು ಬಂದಾಗ ಮೇಷ್ಟ್ರು ತುಂಬ ಹೊತ್ತು ವಿವರಿಸಿದರು. ಡೀಸೆಲ್ ಗಾಡಿಯಲ್ಲಿ ಅಮೋನಿಯಾ ಹಿಡಿದಿಟ್ಟುಕೊಳ್ಳುವುದು ತಾಮ್ರ ಸೇರಿಸಿದ ಜಿಯೋಲೈಟ್. ಅದು ಸಣ್ಣ ಸಣ್ಣ ಗೂಡುಗಳಿರುವ ಪುಡಿ. ಪೆಟ್ರೋಲ್ ಕಾರಿನ ಕನ್ವರ್ಟರ್ ಹತ್ತಿರ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಜೊತೆಗೆ ನೀರಾವಿ. ಆ ಹಬೆಯಲ್ಲಿ ಜಿಯೋಲೈಟಿನ ಅಲ್ಯೂಮಿನಿಯಂ ಕಳಚಿಕೊಂಡು ಗೂಡು ಕುಸಿಯುತ್ತದೆ. ಪ್ಲಾಟಿನಂ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ ಚುರುಕು ಕಳೆದುಕೊಳ್ಳುತ್ತವೆ. ಎಂಜಿನ್ ಆಯಿಲ್ ಸುಟ್ಟರೆ ಅದರ ರಂಜಕ, ಸತು ಬಂದು ಮೇಲೆ ಕೂರುತ್ತವೆ. ಮೊದಲ ದಿನ ಚೆನ್ನಾಗಿ ಕೆಲಸ ಮಾಡುವ ಕ್ಯಾಟಲಿಸ್ಟ್ ಮಾಡುವುದಕ್ಕಿಂತ, ಲಕ್ಷ ಕಿಲೋಮೀಟರ್ ಓಡಿದ ಮೇಲೂ ಕೆಲಸ ಮಾಡುವಂಥದ್ದನ್ನು ಮಾಡುವುದೇ ಕಷ್ಟ. ಯುರೋಪಿನಲ್ಲಿ 2024ರಲ್ಲಿ ಬಂದ ಯೂರೋ 7 ನಿಯಮ ಕೂಡ ಲಾರಿ, ಬಸ್ಸಿಗೆ ಅಮೋನಿಯಾ ಮಿತಿ ಹಾಕಿದೆ, ಕಾರಿಗೆ ಹಾಕಿಲ್ಲ. ಹಾಕಬೇಕಿತ್ತು ಅಂತ ನನ್ನ ಅಭಿಪ್ರಾಯ. ಈ ಅಮೋನಿಯಾ ಗಾಳಿಯಲ್ಲಿ ನೈಟ್ರಿಕ್ ಆಮ್ಲದ ಜೊತೆ ಸೇರಿ ಸೂಕ್ಷ್ಮ ಧೂಳಾಗುತ್ತದೆ, ನಾವು ಉಸಿರಾಡುವುದು ಅದನ್ನೇ ಅಲ್ವಾ.

ಅಂತೂ ನನ್ನ ಕೆಲಸ ಸ್ಪಷ್ಟವಾಯಿತು. ಎಂಜಿನ್ ಯಾಕೆ ರಿಚ್ ಆಗುತ್ತಿದೆ ಅಂತ ಹುಡುಕಬೇಕು.

ಈ ಸಲ ಸ್ಕ್ಯಾನರ್ ಹಾಕಿದೆ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡಬೇಕು ಅಂತ ಎಂಜಿನ್ ಕಂಪ್ಯೂಟರ್ ಕಲಿತ ಲೆಕ್ಕ, ಪ್ಲಸ್ 17 ಪರ್ಸೆಂಟ್. ಹೊಗೆಯಲ್ಲಿರುವ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ "ಗಾಳಿ ಜಾಸ್ತಿ ಇದೆ" ಅನ್ನುತ್ತಿದೆ, ಅದನ್ನು ನಂಬಿ ಇಸಿಯು, ಅಂದರೆ ಆ ಕಂಪ್ಯೂಟರ್, ಪೆಟ್ರೋಲ್ ಹೆಚ್ಚಿಸುತ್ತಿದೆ. ಮರುದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಬಾನೆಟ್ ಹತ್ತಿರ ಕಿವಿ ಕೊಟ್ಟೆ. ಟಿಕ್ ಟಿಕ್ ಟಿಕ್. ಬಿಸಿಯಾಗುತ್ತಾ ಬಂದ ಹಾಗೆ ಸದ್ದು ಸಣ್ಣದಾಯಿತು. ಎಂಜಿನ್ ಆಫ್ ಮಾಡಿ, ಪೂರ್ತಿ ಆರಿದ ಮೇಲೆ ಶೀಲ್ಡ್ ಬಿಚ್ಚಿ ಟಾರ್ಚ್ ಹಿಡಿದೆ. ಎಂಜಿನ್ನಿಂದ ಹೊಗೆ ಹೊರತರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ, ಸೆನ್ಸರಿಗಿಂತ ನಾಲ್ಕು ಬೆರಳು ಮೊದಲು, ಎಂಜಿನ್ ಕಡೆಗೆ, ಕೂದಲೆಳೆಯಂಥ ಬಿರುಕು. ಅದರ ಪಕ್ಕದಲ್ಲಿ ಕಾಡಿಗೆ ತೀಡಿದ ಹಾಗೆ ಮಸಿಯ ಗೆರೆ. ಸೈಲೆನ್ಸರ್ ಕಡೆಯಿಂದ ಮೆಲ್ಲಗೆ ಗಾಳಿ ಊದಿ, ಬಿರುಕಿಗೆ ಸೋಪಿನ ನೀರು ಹಚ್ಚಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು.

ಗೌಡ್ರ ತೋಟಕ್ಕೆ ಹೋಗುವ ದಾರಿಯಲ್ಲಿ ಮಳೆಗಾಲದಲ್ಲಿ ಒಂದು ಹಳ್ಳ ಉಕ್ಕುತ್ತದೆ. ಮ್ಯಾನಿಫೋಲ್ಡಿನ ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಎರಚಿ ಎರಚಿ ಬಿರುಕು ಬಿಟ್ಟಿರಬೇಕು.

ಐಡ್ಲಿಂಗಿನಲ್ಲಿ ಆ ಬಿರುಕು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಸೆನ್ಸರ್ ಮೋಸ ಹೋಗುತ್ತದೆ, ಇಸಿಯು ಜಾಸ್ತಿ ಪೆಟ್ರೋಲಿನ ಲೆಕ್ಕ ಕಲಿತುಬಿಡುತ್ತದೆ. ಆಗ ಒಳಬಂದ ಗಾಳಿಯಿಂದ ಕನ್ವರ್ಟರ್ ಎಲ್ಲವನ್ನೂ ಸುಡುತ್ತದೆ, ಹಾಗಾಗಿ ಎಮಿಷನ್ ಟೆಸ್ಟ್ ಪಾಸ್. ಅಲ್ಲಿ ಅಮೋನಿಯಾ ಅಳೆಯುವುದೂ ಇಲ್ಲ. ಆಗುಂಬೆಯ ತಿರುವುಗಳಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಸಿಯು ಸೆನ್ಸರ್ ಮಾತು ಬಿಟ್ಟು, ಎಂಜಿನ್ ವಿಪರೀತ ಕಾಯದಿರಲಿ ಅಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ಕೊಡುತ್ತದೆ. ಅದರ ಮೇಲೆ ಕಲಿತಿದ್ದ ಆ 17ನ್ನೂ ಸೇರಿಸುತ್ತದೆ. ಈಗ ಬಿರುಕಿನಿಂದ ಗಾಳಿ ಒಳಗೆ ಬರುವುದಿಲ್ಲ, ಹೊಗೆಯೇ ಹೊರಗೆ ಚಿಮ್ಮುತ್ತದೆ. ಅಪ್ಪಟ ರಿಚ್. ಗಂಜಲದ ವಾಸನೆ ಘಾಟಿಯ ಮೇಲೆ ಮಾತ್ರ ಬರುತ್ತಿದ್ದುದು ಇದಕ್ಕೇ.

ಮ್ಯಾನಿಫೋಲ್ಡ್ ಬದಲಿಸಿ, ಕಲಿತ ಲೆಕ್ಕ ಅಳಿಸಿದೆ. ಮೂಲೆಯಲ್ಲಿಟ್ಟಿದ್ದ ಹಳೇ ಕನ್ವರ್ಟರ್ ಎತ್ತಿಕೊಂಡು ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಒಳಗೆ ಏನೂ ಗಲಗಲ ಅನ್ನಲಿಲ್ಲ. ಬೆಳಕಿಗೆ ಹಿಡಿದರೆ ಜೇನುಗೂಡಿನ ಕಣ್ಣುಗಳೆಲ್ಲ ತೆರೆದೇ ಇದ್ದವು, ಒಂದೂ ಕರಗಿರಲಿಲ್ಲ. ಗೌಡ್ರನ್ನು ಕರೆದು ಕೂರಿಸಿ ನಡೆದಿದ್ದನ್ನೆಲ್ಲ ಹೇಳಿದೆ. ಅವರದೇ ಕನ್ವರ್ಟರನ್ನು ಮತ್ತೆ ಕೂರಿಸಿದೆ, ಹೊಸದರ ದುಡ್ಡು ವಾಪಸ್ ಕೊಟ್ಟೆ. ಅವರು ಎಣಿಸದೆ ಜೇಬಿಗಿಟ್ಟುಕೊಂಡು, "ಮುಂದಿನ ವಾರ ಮಗಳನ್ನ ಕರ್ಕೊಂಡು ಬರ್ಬೇಕು, ಮೇಲೆ ನಿಂತು ಫೋನ್ ಮಾಡ್ತೀನಿ" ಅಂದರು.

ಫೋನ್ ಬಂತು. ಆಗುಂಬೆಯಲ್ಲಿ ಜೋರು ಮಳೆ, ಮಾತು ಸರಿಯಾಗಿ ಕೇಳಿಸಲಿಲ್ಲ. "ಏನೂ ಇಲ್ಲ, ಏನೂ ಇಲ್ಲ" ಅಂದಿದ್ದು ಮಾತ್ರ ಕೇಳಿಸಿತು. ಈಗ ಟ್ರಿಮ್ ನೋಡದೆ, ತಣ್ಣನೆಯ ಎಂಜಿನ್ನಿನ ಸದ್ದು ಕೇಳದೆ ನಾನು ಯಾವ ಗಾಡಿಯ ಕನ್ವರ್ಟರನ್ನೂ ಬಿಚ್ಚುವುದಿಲ್ಲ. ಗ್ಯಾರೇಜಿನ ಹುಡುಗರಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ.